ಸ್ಕೀ ಪ್ರವಾಸಕ್ಕೆ ರಿಯೋಕಾನ್ ಸರಿಹೋಗುತ್ತದಾ? ನೊಜಾವಾ ಒನ್ಸೆನ್, ನಾಲ್ಕು ರಾತ್ರಿ, ಜೊತೆಗೆ ಅತ್ತೆ

ಕಾವ್ಯ_ಯೊಕೊಹಾಮ (ಅಕ್ಟೋಬರ್ 12)

ಎಲ್ಲರಿಗೂ ನಮಸ್ಕಾರ. ಯೊಕೊಹಾಮಕ್ಕೆ ಬಂದು ಮೂರು ವರ್ಷ ಆಯಿತು. ಇಲ್ಲಿವರೆಗೆ ನಮ್ಮ ಸ್ಕೀ ಅಂದರೆ ಬೆಳಗ್ಗೆ ಶಿಂಕಾನ್ಸೆನ್ ಹತ್ತಿ ಗಾಲಾ ಯುಜಾವಾಕ್ಕೆ ಹೋಗುವುದು, ನಾಲ್ಕು ಸಲ ಬೀಳುವುದು, ಸಂಜೆ ವಾಪಸ್. ಈ ಸಲ ಫೆಬ್ರವರಿಯಲ್ಲಿ ಮಕ್ಕಳಿಗೆ ಒಂದು ವಾರ ರಜೆ ಇದೆ. ನಾಲ್ಕು ರಾತ್ರಿ ನಾಗಾನೊದ ನೊಜಾವಾ ಒನ್ಸೆನ್‌ಗೆ ಹೋಗೋಣ ಅಂತ ನಮ್ಮವರ ಹಟ. ನನಗೋ ಹಳೇ ಕಾಲದ ಒಂದು ರಿಯೋಕಾನ್‌ನಲ್ಲಿ, ಅಂದರೆ ಜಪಾನಿ ಸಂಪ್ರದಾಯದ ವಸತಿಗೃಹದಲ್ಲಿ, ಉಳಿಯಬೇಕು ಅನ್ನುವ ಆಸೆ. ತಾತಾಮಿ ಚಾಪೆ, ಕಿಟಕಿಯಾಚೆ ಹಿಮ, ಬಿಸಿನೀರಿನ ತೊಟ್ಟಿ.

ತೊಂದರೆ ಏನೆಂದರೆ, ಜನವರಿಯಲ್ಲಿ ಮೈಸೂರಿನಿಂದ ಅತ್ತೆ ಬರುತ್ತಾರೆ. ಮಾವ ಚಳಿಗೆ ಹೆದರಿ ಬರುತ್ತಿಲ್ಲ. ಅತ್ತೆಗೆ 66 ವರ್ಷ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗನಿಗೆ 10, ಮಗಳಿಗೆ 6. ಸ್ಕೀ ಮಾಡುವವರು ಅಪ್ಪ-ಮಗ, ಸ್ವಲ್ಪ ನಾನು.

ನಾಲ್ಕೂ ರಾತ್ರಿ ರಿಯೋಕಾನ್‌ನಲ್ಲೇ ಇರಬಹುದಾ? ಅತ್ತೆಗೆ ಊಟ ಸಿಗುತ್ತದಾ? ಇನ್ನು ಮೂರನೆಯದು ಕೇಳಲಿಕ್ಕೇ ನಾಚಿಕೆ: ಒನ್ಸೆನ್‌ನಲ್ಲಿ, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನದಲ್ಲಿ, ಮೈಮೇಲೆ ಬಟ್ಟೆ ಇಲ್ಲದೆ ಇಳಿಯಬೇಕು, ಸರಿ. ಆದರೆ ಅತ್ತೆ ಜೊತೆ?


ಸ್ಕೀ_ಕುಲಕರ್ಣಿ (ಅಕ್ಟೋಬರ್ 12)

ಕಾವ್ಯ ಮೇಡಂ, ನೊಜಾವಾಕ್ಕೆ ಏಳೆಂಟು ಸಲ ಹೋಗಿದ್ದೇನೆ. ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ನಾಲ್ಕೂ ರಾತ್ರಿ ಬೇಡ. ಎರಡು ರಾತ್ರಿ ಸಾಕು, ಅದೂ ಕೊನೆಯ ಎರಡು.

ರಿಯೋಕಾನ್‌ಗೆ ತನ್ನದೇ ಗಡಿಯಾರ ಇದೆ. ಮಧ್ಯಾಹ್ನ 3ಕ್ಕೆ ಒಳಗೆ, ಬೆಳಗ್ಗೆ 10ಕ್ಕೆ ಹೊರಗೆ. ರಾತ್ರಿ ಊಟ 6 ಅಥವಾ 6.30ಕ್ಕೆ. ಒಂದಾದ ಮೇಲೆ ಒಂದು ಪುಟ್ಟ ಪುಟ್ಟ ತಟ್ಟೆ ಬರುತ್ತಲೇ ಇರುತ್ತದೆ, ಒಂದೂವರೆ ಗಂಟೆ ಹಿಡಿಯುತ್ತದೆ. ನೀವು ಉಣ್ಣುತ್ತಿರುವಾಗಲೇ ಕೆಲಸದವರು ರೂಮಿಗೆ ಬಂದು ಮೇಜು ಸರಿಸಿ ನೆಲದ ಮೇಲೆ ಫುತಾನ್ ಹಾಸಿಗೆ ಹಾಸಿಬಿಡುತ್ತಾರೆ. ಬೆಳಗ್ಗೆ ಏಳೂವರೆ-ಎಂಟಕ್ಕೆ ತಿಂಡಿ. ಸ್ಕೀ ಹುಚ್ಚು ಇರುವವನಿಗೆ ಇದು ಸೆರೆಮನೆ. ಹೊಸ ಹಿಮ ಬಿದ್ದ ದಿನ ಬೆಟ್ಟ ಹತ್ತಿಸುವ ಮೊದಲ ಗೊಂಡೋಲಾ (ಕೇಬಲ್ ಕಾರು) ಹಿಡಿಯಬೇಕು ಅನ್ನುತ್ತಾನೆ ಗಂಡ, ಇಲ್ಲಿ ಮೊಸರಿನ ಬಟ್ಟಲಿಗಿಂತ ಚಿಕ್ಕ ಬಟ್ಟಲುಗಳಲ್ಲಿ 9 ಬಗೆ ತಿಂಡಿ ಕಾಯುತ್ತಿರುತ್ತದೆ. ಮನೆಯಲ್ಲಿ ಜಗಳ ಗ್ಯಾರಂಟಿ.

ಇನ್ನೊಂದು, ದರ ರೂಮಿಗಲ್ಲ, ತಲೆಗೆ. ಒಂದು ರಾತ್ರಿ, ಎರಡು ಊಟ ಸೇರಿ ಇಷ್ಟು ಅಂತ. ಮಕ್ಕಳಿಗೆ ಊಟವೂ ಬೇಕಾ, ಹಾಸಿಗೆ ಮಾತ್ರ ಸಾಕಾ ಎಂಬುದರ ಮೇಲೆ ಬೇರೆ ದರ. ಅದರ ಮೇಲೆ ಒನ್ಸೆನ್ ತೆರಿಗೆ ಬೇರೆ, ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ 150 ಯೆನ್. ಮೊದಲ ಎರಡು ರಾತ್ರಿ ಹಿಕಾಗೆ ಇಳಿಜಾರಿನ ಹತ್ತಿರ ಒಂದು ಮಿನ್ಶುಕು ಹಿಡಿಯಿರಿ. ಮನೆಯವರೇ ನಡೆಸುವ ಸಣ್ಣ ವಸತಿ, ತಿಂಡಿ ಮಾತ್ರ ತಗೊಂಡರೂ ನಡೆಯುತ್ತದೆ. ಸ್ಕೀ ಮುಗಿಸಿ, ಮೈಕೈ ನೋವು ಹತ್ತಿದ ಮೇಲೆ ರಿಯೋಕಾನ್‌ಗೆ ಹೋಗಿ. ಆಗ ಅದರ ಬೆಲೆ ಗೊತ್ತಾಗುತ್ತದೆ.

ಬುಕಿಂಗ್ ಈ ವಾರವೇ ಮಾಡಿ. ಫೆಬ್ರವರಿ ಅಲ್ಲಿ ತುಂಬಿ ತುಳುಕುವ ತಿಂಗಳು.


ಧಾರವಾಡದ_ಪೇಢೆ (ಅಕ್ಟೋಬರ್ 12)

ಕುಲಕರ್ಣಿಯವರ ಮಾತಿಗೆ ಒಂದು ಸೇರಿಸುತ್ತೇನೆ ರೀ. ಟೋಕಿಯೊದಿಂದ ಈಯಾಮಾ ಸ್ಟೇಷನ್‌ಗೆ ಶಿಂಕಾನ್ಸೆನ್, ಸುಮಾರು 1 ಗಂಟೆ 45 ನಿಮಿಷ. ಅಲ್ಲಿಂದ ಬಸ್ಸು, 25 ನಿಮಿಷ. 'ಹಕುತಕ' ಗಾಡಿ ಹತ್ತಬೇಕು. 'ಕಗಯಾಕಿ' ಈಯಾಮಾದಲ್ಲಿ ನಿಲ್ಲುವುದಿಲ್ಲ. ನಾನು ಒಮ್ಮೆ ಅದರಲ್ಲಿ ಕೂತು, ನನ್ನ ಸ್ಟೇಷನ್ನು ಕಿಟಕಿಯಲ್ಲಿ ಸುಂಯ್ ಅಂತ ಹೋಗುವುದನ್ನು ನೋಡಿದ್ದೇನೆ.

ಸ್ಕೀ, ಸೂಟ್‌ಕೇಸ್ ಹೊತ್ತು ತಿರುಗಬೇಡಿ. ಎರಡು ದಿನ ಮೊದಲೇ ತಕ್ಯುಬಿನ್ ಪಾರ್ಸೆಲ್‌ನಲ್ಲಿ ಕಳಿಸಿ. ನೀವು ಮುಟ್ಟುವ ಹೊತ್ತಿಗೆ ಬಾಗಿಲ ಹತ್ತಿರ ಕೂತಿರುತ್ತದೆ.


ಬಚ್ಚಲುಮನೆ_ಭಟ್ಟ (ಅಕ್ಟೋಬರ್ 13)

ಸ್ನಾನದ ವಿಷಯ ನನಗೆ ಬಿಡಿ. ನಾನು ಪುತ್ತೂರಿನವನು. ನಮ್ಮ ಇರ್ದೆಯ ಬೆಂದ್ರು ತೀರ್ಥದ ಬೆಚ್ಚಗಿನ ನೀರಿನಲ್ಲಿ ಮಿಂದು ಬೆಳೆದವನು. ಆ ಧೈರ್ಯದಲ್ಲಿ ಮೊದಲ ಸಲ ನೊಜಾವಾದ 'ಓಯು' ತೊಟ್ಟಿಗೆ ಕಾಲಿಟ್ಟೆ. ಇಟ್ಟ ಕಾಲು ಅಷ್ಟೇ ಬೇಗ ವಾಪಸ್ ಬಂತು. ಮೂಲೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿದ್ದ ಅಜ್ಜನೊಬ್ಬ ನನ್ನನ್ನು ನೋಡಿ ನಕ್ಕ.

ಆ ಊರಲ್ಲಿ 13 ಸಾರ್ವಜನಿಕ ಸ್ನಾನದ ಮನೆಗಳಿವೆ, 'ಸೊತೊಯು' ಅನ್ನುತ್ತಾರೆ. ಟಿಕೆಟ್ ಇಲ್ಲ, ಒಂದು ಕಾಣಿಕೆ ಡಬ್ಬಿ ಇರುತ್ತದೆ. ನೋಡಿಕೊಳ್ಳುವವರು ಊರವರೇ. ಕೇರಿಯ ಮನೆಗಳು ಸರದಿ ಮೇಲೆ ತೊಳೆದು ಬಳಿದು ಇಟ್ಟುಕೊಂಡಿವೆ. ಹಾಗಾಗಿ ಅದು ಅವರ ಮನೆಯ ಬಚ್ಚಲು ಅಂತಲೇ ತಿಳಿದು ನಡೆದುಕೊಳ್ಳಿ. ಶವರ್ ಇಲ್ಲ. ಎಷ್ಟೋ ಕಡೆ ಬಟ್ಟೆ ಬಿಚ್ಚಿಡುವ ಗೂಡೂ ತೊಟ್ಟಿಯೂ ಒಂದೇ ಕೋಣೆಯಲ್ಲಿ. ಮಕ್ಕಳಿಗೆ 'ಕುಮಾನೊತೆಅರಾಯು' ವಾಸಿ, ಉಳಿದವುಗಳಷ್ಟು ಸುಡುವುದಿಲ್ಲ. ಹೆಸರಿನ ಅರ್ಥ ಕರಡಿ ಕೈ ತೊಳೆದ ನೀರು. ಗಾಯಗೊಂಡ ಕರಡಿ ಇಲ್ಲಿ ಪಂಜ ಅದ್ದುತ್ತಿತ್ತು ಅಂತ ಕತೆ.

ಎಲ್ಲ ಒನ್ಸೆನ್‌ಗೂ ಒಂದೇ ಕ್ರಮ. ಮೊದಲು ತೊಟ್ಟಿಯ ಹೊರಗೆ ಮಣೆ ಮೇಲೆ ಕೂತು ಮೈ ತೊಳೆಯಬೇಕು. ಸೋಪಿನ ನೊರೆ ಪೂರ್ತಿ ಹೋಗಬೇಕು. ಆಮೇಲೆ ತೊಟ್ಟಿಗೆ. ತೊಟ್ಟಿ ಇರುವುದು ನೆನೆಯಲು, ತೊಳೆಯಲು ಅಲ್ಲ. ಕೂದಲು ಎತ್ತಿ ಕಟ್ಟಬೇಕು, ಟವೆಲು ನೀರಿಗೆ ತಾಗಬಾರದು. ಹೆಚ್ಚಿನವರು ಮಡಚಿ ತಲೆ ಮೇಲಿಟ್ಟುಕೊಳ್ಳುತ್ತಾರೆ. ಹತ್ತು ನಿಮಿಷಕ್ಕೆ ಎದ್ದು ನೀರು ಕುಡಿಯಿರಿ. ಬಿಯರ್ ಆಮೇಲೆ.

ಅತ್ತೆಯವರ ವಿಷಯಕ್ಕೆ ಬಂದರೆ, 'ಕಶಿಕಿರಿ ಬುರೊ' ಇರುವ ರಿಯೋಕಾನ್ ಹುಡುಕಿ. ನಮ್ಮ ಕುಟುಂಬಕ್ಕೆ ಮಾತ್ರ ಅಂತ 40-50 ನಿಮಿಷ ಬಾಗಿಲು ಹಾಕಿಕೊಳ್ಳುವ ಸ್ನಾನದ ಕೋಣೆ. ಚೀಟಿಯಲ್ಲಿ ಹೆಸರು ಬರೆದು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಅತ್ತೆ ಒಬ್ಬರೇ ಹೋಗಬಹುದು. ನಿಮಗೂ ನಾಚಿಕೆ ಇಲ್ಲ, ಅವರಿಗೂ ಇಲ್ಲ.


ಹೊಸಬಳು_ಒಸಾಕಾ (ಅಕ್ಟೋಬರ್ 13)

ಭಟ್ರೇ, ಮಧ್ಯೆ ಬಂದೆ, ಕ್ಷಮಿಸಿ. ನಾನು ಐದು ತಿಂಗಳ ಬಸುರಿ. ಒನ್ಸೆನ್ ಬೋರ್ಡುಗಳಲ್ಲಿ ಗರ್ಭಿಣಿಯರು ಇಳಿಯಬಾರದು ಅಂತ ಇರುತ್ತದಲ್ಲ?


ಬಚ್ಚಲುಮನೆ_ಭಟ್ಟ (ಅಕ್ಟೋಬರ್ 13)

ತಂಗೀ, ಅದು ಹಳೇ ಬೋರ್ಡು. ಜಪಾನಿನ ಪರಿಸರ ಸಚಿವಾಲಯ 2014ರಲ್ಲಿ ಒನ್ಸೆನ್‌ಗೆ ಇಳಿಯಬಾರದವರ ಪಟ್ಟಿಯಿಂದ ಗರ್ಭಿಣಿಯರನ್ನು ತೆಗೆದುಹಾಕಿತು. ಆದರೂ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಯೇ ಹೋಗಿ. ಸುಡುವ ನೀರಿಗೆ ಇಳಿಯಬೇಡಿ. ಕಲ್ಲು ಜಾರುತ್ತದೆ, ಯಾರಾದರೂ ಜೊತೆಗಿರಲಿ.


ತೀರ್ಥಹಳ್ಳಿ_ಮಳೆ (ಅಕ್ಟೋಬರ್ 14)

ಊಟದ ಬಗ್ಗೆ ಯಾರೂ ಮಾತಾಡಲಿಲ್ಲ, ಅಸಲಿ ಕಷ್ಟ ಇರುವುದೇ ಅಲ್ಲಿ. ಅಕ್ಕಾ, ರಿಯೋಕಾನ್ ಊಟದಲ್ಲಿ ಮೀನು ಕಾಣುವುದು ಒಂದು ತಟ್ಟೆಯಲ್ಲಿ, ಇರುವುದು ಹತ್ತು ತಟ್ಟೆಯಲ್ಲಿ. ಕಾರಣ ದಾಶಿ. ಒಣಗಿಸಿದ ಕತ್ಸುವೊ ಮೀನನ್ನು ಹೆರೆದು, ಬಿಸಿನೀರಲ್ಲಿ ಹಾಕಿ ತೆಗೆದ ಸಾರು. ಮಿಸೊ ಸೂಪಿನಲ್ಲಿ ಅದೇ, ಬೇಯಿಸಿದ ತರಕಾರಿಯಲ್ಲಿ ಅದೇ, ಸೋಬಾ ನೂಡಲ್ಸ್ ಅದ್ದಿ ತಿನ್ನುವ ರಸದಲ್ಲೂ ಅದೇ. ಉಪ್ಪಿನಕಾಯಿಯಲ್ಲೂ ಕೆಲವೊಮ್ಮೆ. 'ಮೀನು ಬೇಡ' ಅಂದರೆ ಮೀನಿನ ತುಂಡು ತೆಗೆಯುತ್ತಾರೆ. ಸಾರು ಅವರ ಲೆಕ್ಕದಲ್ಲಿ ಮೀನೇ ಅಲ್ಲ.

ಅದಕ್ಕೆ ಬುಕಿಂಗ್ ಮಾಡುವಾಗಲೇ ಜಪಾನಿಯಲ್ಲಿ ಬರೆದು ಕಳಿಸಿ: ಮಾಂಸ, ಮೀನು, ಮೊಟ್ಟೆ ಇಲ್ಲ, ಕತ್ಸುವೊ ದಾಶಿಯೂ ಇಲ್ಲ, ಕೊಂಬು ದಾಶಿ ಆಗುತ್ತದೆ. ಕೊಂಬು ಅಂದರೆ ಸಮುದ್ರದ ಪಾಚಿ. ಅದರಲ್ಲೇ ಸಾರು ತೆಗೆಯಲು ಅವರಿಗೆ ಗೊತ್ತಿದೆ. ಬೌದ್ಧ ದೇವಸ್ಥಾನಗಳ 'ಶೋಜಿನ್ ರ್ಯೋರಿ' ಅಡುಗೆ ನಡೆಯುವುದೇ ಹಾಗೆ. 'ಆಗುವುದಿಲ್ಲ' ಎಂದು ಉತ್ತರ ಬಂದರೆ ಬೇಜಾರಾಗಬೇಡಿ, ಬೇರೆ ಕಡೆ ಕೇಳಿ. ಬಾಗಿಲಿಗೆ ಹೋಗಿ ನಿಂತು ಹೇಳಿದರೆ ಮಾತ್ರ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ಅಡುಗೆಗೆ ಬೇಕಾದ್ದನ್ನೆಲ್ಲ ಮೊದಲೇ ತಂದು ಹೊಂದಿಸಿ ಇಟ್ಟಿರುತ್ತಾರೆ.


ಧಾರವಾಡದ_ಪೇಢೆ (ಅಕ್ಟೋಬರ್ 14)

ಇಷ್ಟೆಲ್ಲ ಯಾಕೆ? ಹಿರಿಯರಿಗೆ ದಾಶಿ ವಿಷಯ ಹೇಳಲೇಬೇಡಿ. ಮೀನಿನ ತುಂಡು ಇಲ್ಲ ಅಂದರೆ ಆಯಿತು. ನಮ್ಮ ತಂದೆ-ತಾಯಿ ಬಂದಾಗ ನಾವು ಹಾಗೇ ಮಾಡಿದೆವು. ಚಪ್ಪರಿಸಿಕೊಂಡು ಉಂಡು ಹೋದರು.


ತೀರ್ಥಹಳ್ಳಿ_ಮಳೆ (ಅಕ್ಟೋಬರ್ 14)

ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ?


ಧಾರವಾಡದ_ಪೇಢೆ (ಅಕ್ಟೋಬರ್ 14)

ಗೊತ್ತಿಲ್ಲದೆ ತಿಂದರೆ ದೋಷ ಇಲ್ಲ ರೀ.


ಸ್ಕೀ_ಕುಲಕರ್ಣಿ (ಅಕ್ಟೋಬರ್ 14)

ಪೇಢೆ ಸಾಹೇಬ್ರೇ, ದೋಷ ತಿಂದವರಿಗಲ್ಲ, ಬಡಿಸಿದವರಿಗೆ. ಅರವತ್ತು ವರ್ಷ ಹಿಡಿದುಕೊಂಡು ಬಂದ ನೇಮವನ್ನು ನಾವು ಅನುಕೂಲಕ್ಕೆ ಮುರಿಯಬಾರದು. ನಾನು ಏನು ಬೇಕಾದರೂ ತಿನ್ನುವವನು, ಆದರೂ ಹೇಳುತ್ತೇನೆ.


ಕಾವ್ಯ_ಯೊಕೊಹಾಮ (ಅಕ್ಟೋಬರ್ 15)

ಜಗಳ ಬೇಡ ಸರ್. ಅತ್ತೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. 'ನನಗೆ ಅವಲಕ್ಕಿ ಸಾಕು, ನೀವು ಉಣ್ಣಿ' ಅಂದರು. ಹಾಗಂತ ಬಿಡುವುದಕ್ಕೂ ಆಗುವುದಿಲ್ಲ. ಆರು ಕಡೆ ಬರೆದೆ. ನಾಲ್ಕು ಕಡೆ ಆಗುವುದಿಲ್ಲ ಎಂದರು, ಒಂದು ಕಡೆ ಉತ್ತರವೇ ಇಲ್ಲ. ಒಂದು ಕಡೆ ಒಪ್ಪಿದರು, ಕಶಿಕಿರಿ ಬುರೊ ಕೂಡ ಇದೆ. ಕೊನೆಯ ಎರಡು ರಾತ್ರಿಗೆ ಬುಕ್ ಮಾಡಿದೆ.


ತೀರ್ಥಹಳ್ಳಿ_ಮಳೆ (ಅಕ್ಟೋಬರ್ 15)

ಒಳ್ಳೇದಾಯಿತು. ಆದರೂ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಊರಿಂದ ತರಲು ಹೇಳಿ. ಹಸಿ ಕರಿಬೇವು ಬೇಡ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ.


ಶಾರದಕ್ಕ (ಜನವರಿ 20)

ಕಾವ್ಯಾ, ನಾನು 22 ವರ್ಷದಿಂದ ಇಲ್ಲಿದ್ದೇನೆ. ಗಂಡಸರು ಹೇಳದ ಎರಡು ಮಾತು ಹೇಳುತ್ತೇನಮ್ಮ. ನೊಜಾವಾ ನೀರಿನಲ್ಲಿ ಗಂಧಕ ಇದೆ, ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ, ಗೆಜ್ಜೆ ತೆಗೆದಿಟ್ಟು ಹೋಗು. ಸ್ಕೀ ಬೂಟಿಗೂ ಅದೇ ಮಾತು. ಆ ಬಿಗಿಯಲ್ಲಿ ಕಾಲುಂಗುರ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಬೆರಳು ಬಾತುಕೊಂಡಿರುತ್ತದೆ.

ಎರಡನೆಯದು ಯುಕಾತಾ, ಹತ್ತಿಯ ತೆಳು ಕಿಮೊನೊ. ರೂಮಿನಲ್ಲಿ ಇಟ್ಟಿರುತ್ತಾರೆ, ಊಟಕ್ಕೂ ಅದನ್ನೇ ಉಟ್ಟು ಹೋಗಬಹುದು. ಎಡಗಡೆಯ ಸೆರಗು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ನಾನು ಮೊದಲ ಸಲ ಹಾಗೆ ಉಟ್ಟು ಹೊರಟಾಗ ನಡುದಾರಿಯಲ್ಲೇ ಒಬ್ಬ ಅಜ್ಜಿ ಓಡಿಬಂದು, ಒಂದೂ ಮಾತಾಡದೆ ಬಿಚ್ಚಿ ತಿರುಗಿಸಿ ಕಟ್ಟಿದರು!

ತಾತಾಮಿ ಮೇಲೆ ಸ್ಲಿಪ್ಪರ್ ಬೇಡ, ಬರೀ ಕಾಲುಚೀಲ. ಟಾಯ್ಲೆಟ್ಟಿಗೆ ಬೇರೆ ಸ್ಲಿಪ್ಪರ್ ಇರುತ್ತದೆ, ಅದನ್ನು ಅಲ್ಲೇ ಬಿಟ್ಟು ಬರಬೇಕು. ಇದನ್ನು ಮಾತ್ರ ನಿಮ್ಮತ್ತೆಗೆ ಕಲಿಸಬೇಕಾಗಿಲ್ಲ, ಅವರೇ ನಿಮಗೆ ಕಲಿಸಿಯಾರು.


ಸ್ಕೀ_ಕುಲಕರ್ಣಿ (ಜನವರಿ 21)

ಅಕ್ಕ ಹೇಳಿದ ಟಾಯ್ಲೆಟ್ ಸ್ಲಿಪ್ಪರ್ ಅಲ್ಲೇ ಬಿಡಲು ಮರೆತ ಕತೆ ನನ್ನದೂ ಇದೆ, ಇಲ್ಲಿ ಬೇಡ.

ಸ್ಕೀ ಬಗ್ಗೆ ಸ್ವಲ್ಪ. ಊರಿನಿಂದ ಹಿಕಾಗೆವರೆಗೆ 'ಯು ರೋಡ್' ಅಂತ ಮೇಲೆ ಚಲಿಸುವ ಪಟ್ಟಿ ಇದೆ. ಬೂಟು ಹಾಕಿಕೊಂಡು ಏರಿ ಹತ್ತಬೇಕಾಗಿಲ್ಲ. ಮಗಳಿಗೆ ಹಿಕಾಗೆಯೇ ಸರಿ. ಅಪ್ಪ-ಮಗ ನಾಗಸಾಕಾ ಗೊಂಡೋಲಾದಲ್ಲಿ ಮೇಲೆ ಯಮಾಬಿಕೊ ಇಳಿಜಾರಿಗೆ ಹೋಗಲಿ. ಕೆನಾಶಿ ಬೆಟ್ಟ, ತುದಿ 1,650 ಮೀಟರ್. ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬಂದು ಈ ಬೆಟ್ಟಗಳಿಗೆ ಗುದ್ದಿ ಸುರಿಯುತ್ತದೆ. ನಮ್ಮ ಆಗುಂಬೆಗೆ ಮುಂಗಾರು ಬಂದಹಾಗೆ, ಆದರೆ ಬಿಳಿ. 1930ರಲ್ಲಿ ಇಲ್ಲಿಗೆ ಬಂದಿದ್ದ ಆಸ್ಟ್ರಿಯಾದ ಸ್ಕೀ ಗುರು ಹನ್ನೆಸ್ ಶ್ನೈಡರ್ ಹೆಸರಿನ ಇಳಿಜಾರೂ ಇದೆ. ಹೆಸರಿನ ಆಸೆಗೆ ಅತ್ತ ಹೋಗಬೇಡಿ, ತುಂಬಾ ಕಡಿದು.

ಒದ್ದೆ ಬೂಟು, ಗ್ಲೌಸು ರೂಮಿಗೆ ಒಯ್ಯಬಾರದು. ಕೆಳಗೆ ಒಣಗಿಸುವ ಕೋಣೆ ಇರುತ್ತದೆ. ಅದರ ವಾಸನೆಗೆ ಮಾತ್ರ ನಾನು ಜವಾಬ್ದಾರನಲ್ಲ.


ಕಾವ್ಯ_ಯೊಕೊಹಾಮ (ಫೆಬ್ರವರಿ 23)

ಹೋಗಿ ಬಂದೆವು. ಎಲ್ಲರೂ ಇಷ್ಟು ಬರೆದಿದ್ದೀರಿ, ವರದಿ ಕೊಡದಿದ್ದರೆ ತಪ್ಪಾಗುತ್ತದೆ.

ಮೊದಲ ಎರಡು ದಿನ ಮಿನ್ಶುಕು. ಸ್ಕೀ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಮಗ ಅಪ್ಪನನ್ನು ಹಿಂದೆ ಹಾಕಿದ, ಅಪ್ಪ 'ಹಿಮ ಒದ್ದೆ ಇತ್ತು' ಅಂದರು. ಮಗಳು ಹಿಕಾಗೆಯಲ್ಲಿ ಅರ್ಧ ದಿನ ಕ್ಲಾಸಿಗೆ ಹೋದಳು. ಅತ್ತೆ ಕಿಟಕಿ ಹತ್ತಿರ ಕೊತಾತ್ಸು ಮೇಜಿನ ಕೆಳಗೆ ಕಾಲು ಚಾಚಿ ಕೂತರೆ ಏಳುತ್ತಲೇ ಇರಲಿಲ್ಲ. ಮೇಜಿನಡಿ ಹೀಟರ್, ಮೇಲೆ ರಜಾಯಿ. 'ಇದೊಂದು ಮೈಸೂರಿಗೆ ಸಿಕ್ಕುತ್ತದಾ' ಅಂತ ಕೇಳಿದರು.

ಮೂರನೇ ದಿನ ರಿಯೋಕಾನ್‌ಗೆ ಹೋಗಬೇಕಲ್ಲ, ಅಲ್ಲಿ ಎಡವಟ್ಟಾಯಿತು. ಇವರು 'ಇನ್ನೊಂದೇ ರನ್' ಅಂತ ಮೇಲೆ ಹೋದವರು, ಮಂಜು ಕವಿದು ದಾರಿ ತಪ್ಪಿ ಇನ್ನೊಂದು ಕಡೆ ಇಳಿದರು. ನಾವು ಬಾಗಿಲಿಗೆ ಮುಟ್ಟಿದಾಗ 6.50. ಊಟ ಆರೂವರೆಗೆ ಹೇಳಿದ್ದು. ಮನೆಯೊಡತಿ, ಇಲ್ಲಿ 'ಒಕಾಮಿ' ಅನ್ನುತ್ತಾರೆ, ಬಗ್ಗಿ ನಮಸ್ಕಾರ ಮಾಡಿ ನಗುನಗುತ್ತಲೇ ಒಳಗೆ ಕರೆದರು. ಒಂದು ಮಾತು ಬೈಯಲಿಲ್ಲ. ಆದರೆ ಊಟದ ಕೋಣೆಯಲ್ಲಿ ನಮಗೋಸ್ಕರ ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡುತ್ತಿದ್ದ ಬಟ್ಟಲುಗಳನ್ನು ನೋಡಿ ನನಗೆ ನೆಲ ಬಿರಿದು ನುಂಗಬಾರದಾ ಅನ್ನಿಸಿತು. ಕುಲಕರ್ಣಿ ಸರ್, ನೀವು ಮೊದಲೇ ಹೇಳಿದ್ದಿರಿ.

ಅತ್ತೆಗೆ ಬೇರೆಯೇ ತಟ್ಟೆಗಳು ಬಂದವು. ಎಳ್ಳಿನ ತೋಫು, ಅಣಬೆ ಟೆಂಪುರಾ, ಬದನೆಕಾಯಿಗೆ ಸಿಹಿ ಮಿಸೊ ಹಚ್ಚಿ ಸುಟ್ಟದ್ದು, ಕೊಂಬು ಸಾರಿನಲ್ಲಿ ಬೆಂದ ಮೂಲಂಗಿ, ಅನ್ನ. ಟೆಂಪುರಾ ಹಿಟ್ಟಿಗೂ ಮೊಟ್ಟೆ ಹಾಕಿಲ್ಲ ಎಂದು ಒಕಾಮಿಯೇ ಬಂದು ಹೇಳಿದರು. ಮೂಲಂಗಿಯನ್ನು ಅತ್ತೆ ಎರಡು ಸಲ ಹೊಗಳಿದರು. ಸೂಪಿಗೆ ಮಾತ್ರ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಉದುರಿಸಿದರು. ಬಡಿಸುವ ಹುಡುಗಿ ಕಣ್ಣು ಬಿಟ್ಟು ನೋಡಿದಳು. ಅತ್ತೆ ಅವಳ ಅಂಗೈ ಮೇಲೂ ಒಂದು ಚಿಟಿಕೆ ಹಾಕಿದರು. ಪಾಪ, ಅವಳು ತಿಂದೂ ಬಿಟ್ಟಳು, ಮುಖ ಕೆಂಪಾಯಿತು.

ಮರುದಿನ ಬೆಳಗ್ಗೆ ಅತ್ತೆಯನ್ನು 'ಓಗಾಮಾ' ನೋಡಲು ಕರೆದುಕೊಂಡು ಹೋದೆ. ಸುಮಾರು 90 ಡಿಗ್ರಿಯ ನೀರು ಕುದಿಯುತ್ತಾ ಉಕ್ಕುವ ಕಲ್ಲಿನ ತೊಟ್ಟಿಗಳು. ಹಿಂದೆ ಸೆಣಬಿನ ನಾರು ನೆನೆಹಾಕುತ್ತಿದ್ದರಂತೆ. ಈಗ ಊರವರು ಸೊಪ್ಪು, ಮೊಟ್ಟೆ ಬೇಯಿಸುತ್ತಾರೆ. ನಮ್ಮಂಥವರಿಗೆ ಒಳಗೆ ಬಿಡುವುದಿಲ್ಲ, ಬೇಲಿ ಹೊರಗಿನಿಂದಲೇ ನೋಡಬೇಕು. ಒಬ್ಬ ಹೆಂಗಸು ಬುಟ್ಟಿ ಇಳಿಬಿಟ್ಟು ಸೊಪ್ಪು ಬೇಯಿಸುತ್ತಿದ್ದರು. ಅತ್ತೆ ಹತ್ತು ನಿಮಿಷ ಕದಲಲಿಲ್ಲ. 'ಗ್ಯಾಸ್ ಬಿಲ್ಲೇ ಇಲ್ಲ' ಅಂದರು.

ಈಗ ಸ್ನಾನ. ಸಂಜೆ 4ಕ್ಕೆ ಕಶಿಕಿರಿ ಬುರೊ ಗೊತ್ತು ಮಾಡಿದ್ದೆ. ಅತ್ತೆ, ಮೊಮ್ಮಗಳು ಒಳಗೆ, ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ. ಒಳಗಿನಿಂದ ಮಗಳ ದನಿ ಕೇಳುತ್ತಿತ್ತು. 'ಅಜ್ಜಿ, ಮೊದ್ಲು ಸೋಪು! ಅಜ್ಜಿ, ಇನ್ನೂ ನೊರೆ ಇದೆ! ಅಜ್ಜಿ, ಟವೆಲು ತಲೆ ಮೇಲೆ!' ಅಷ್ಟು ವರ್ಷ ನಮ್ಮನ್ನೆಲ್ಲ ಆಳಿದವರು ಆರು ವರ್ಷದವಳ ಕೈಗೆ ಸಿಕ್ಕಿದ್ದರು. ಐದು ನಿಮಿಷಕ್ಕೆ ಹೊರಗೆ ಬಂದರು. ಯಾಕೆ ಅಂತ ಕೇಳಿದೆ. 'ನೀರು ಚೆನ್ನಾಗಿದೆ ಕಣೇ. ಆದ್ರೆ ಸುಮ್ನೆ ಕೂತ್ಕೊಳ್ಳೋದು ಏನು ಸ್ನಾನ? ಎಣ್ಣೆ ಇಲ್ಲ, ಸೀಗೆಪುಡಿ ಇಲ್ಲ, ಉಜ್ಜೋರಿಲ್ಲ' ಅಂದರು. ಅಲ್ಲಿಗೆ ಅವರ ಒನ್ಸೆನ್ ಮುಗಿಯಿತು. ಉಳಿದ ಹೊತ್ತೆಲ್ಲ ಬೀದಿ ಬದಿಯ ಕಾಲು ಸ್ನಾನದ ತೊಟ್ಟಿಯಲ್ಲಿ ಸೀರೆ ಮೊಣಕಾಲವರೆಗೆ ಎತ್ತಿ ಕೂತು, ಊರಿನ ಅಜ್ಜಿಯರ ಜೊತೆ ಕನ್ನಡದಲ್ಲೇ ಮಾತಾಡಿದರು. ಅವರು ಜಪಾನಿಯಲ್ಲಿ. ಇಬ್ಬರಿಗೂ ಎಲ್ಲ ಅರ್ಥವಾದ ಹಾಗಿತ್ತು.

ರಾತ್ರಿ 10ಕ್ಕೆ ನಾನೊಬ್ಬಳೇ ಹೊರಗಿನ ತೊಟ್ಟಿಗೆ ಹೋದೆ. ಯಾರೂ ಇರಲಿಲ್ಲ. ಕುತ್ತಿಗೆವರೆಗೆ ಬಿಸಿ, ತಲೆಗೂದಲ ಮೇಲೆ ಹಿಮ. ಕಣ್ಣು ಮುಚ್ಚಿದ್ದೆ. ಯಾರೋ ಬಂದ ಹಾಗಾಯಿತು, ಕಣ್ಣು ಬಿಟ್ಟರೆ ಒಕಾಮಿ. ಕೆಲಸ ಮುಗಿಸಿ ಸ್ನಾನಕ್ಕೆ ಬಂದಿದ್ದರು. ಸಂಜೆ ಕಿಮೊನೊದಲ್ಲಿ ನೋಡಿದವರನ್ನು ಹಾಗೆ ನೋಡಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರು 'ಅತ್ಸುಯಿ ನೇ' ಅಂದರು, ಬಿಸಿ ಅಲ್ವಾ ಅಂತ. ಹೂಂ ಅಂದೆ. ತಡವಾಗಿ ಬಂದದ್ದಕ್ಕೆ ಕ್ಷಮೆ ಕೇಳಬೇಕು ಅಂತ ಎರಡು ದಿನದಿಂದ ಕಾಯುತ್ತಿದ್ದೆ, ಅಲ್ಲೇ ಕೇಳಿದೆ. ಅವರು ನಕ್ಕು, ನಮ್ಮ ಯಜಮಾನರೂ ಸ್ಕೀಗೆ ಹೋದರೆ ಹಾಗೇ ಅಂದರು.

ಶಾರದಕ್ಕ, ಒಂದು ತಪ್ಪೊಪ್ಪಿಗೆ. ಬೆಳ್ಳಿ ತೆಗೆ ಅಂದಿದ್ದಿರಿ. ಮಿನ್ಶುಕುವಿನಲ್ಲಿ ತೆಗೆಯಲು ಹೊರಟೆ. 'ಗಂಡ ಬೆಟ್ಟದ ಮೇಲಿದ್ದಾನೆ, ಇವತ್ತೇ ತೆಗೀಬೇಕಾ?' ಅಂದರು ಅತ್ತೆ. ಏನು ಮಾಡಲಿ? ಈಗ ಎರಡೂ ಕಾಲುಂಗುರ ಕಾಡಿಗೆಯ ಹಾಗಿವೆ. ಹುಣಸೆಹಣ್ಣಿನಲ್ಲಿ ತಿಕ್ಕಿ ನೋಡಿದೆವು, ಆಗಲಿಲ್ಲ.


ಧಾರವಾಡದ_ಪೇಢೆ (ಫೆಬ್ರವರಿ 23)

ಒಪ್ಪಿದೆ ರೀ, ದಾಶಿ ವಿಷಯದಲ್ಲಿ ನೀವು ಮಾಡಿದ್ದೇ ಸರಿ. ಆ ಮೂಲಂಗಿ ಮಾಡುವ ರಿಯೋಕಾನ್ ಹೆಸರು ಖಾಸಗಿಯಾಗಿ ಕಳಿಸಿ.


ಶಾರದಕ್ಕ (ಫೆಬ್ರವರಿ 23)

ಅತ್ತೆ ಮಾತಿಗೆ ನಾನು ಎದುರಾಡುವುದಿಲ್ಲಮ್ಮ. ಒಂದು ಬಟ್ಟಲಿನಲ್ಲಿ ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆ ಹಾಸು, ಹೊಳೆಯುವ ಬದಿ ಮೇಲೆ. ಎರಡು ಚಮಚ ಅಡುಗೆ ಸೋಡಾ, ಮೇಲೆ ಕುದಿಯುವ ನೀರು. ಕಾಲುಂಗುರ ಹಾಳೆಗೆ ತಾಗುವ ಹಾಗೆ ಇಡು. ಕಪ್ಪು ತಾನಾಗಿ ಬಿಡುತ್ತದೆ.


ಕಾವ್ಯ_ಯೊಕೊಹಾಮ (ಫೆಬ್ರವರಿ 24)

ಬೆಳ್ಳಗಾಯಿತು ಅಕ್ಕ! ಆದರೆ ಬಟ್ಟಲಿನಿಂದ ಅದೇ ಒನ್ಸೆನ್ ವಾಸನೆ ಎದ್ದಿತು, ಅಡುಗೆಮನೆ ತುಂಬ. ಅತ್ತೆ ಹಾಲ್‌ನಿಂದಲೇ ಕೂಗಿದರು: 'ಬಾಗ್ಲು ಹಾಕ್ಕೊಳೇ, ನನ್ನ ಸ್ನಾನ ಆಗಿದೆ!'